ಮಲೆನಾಡಿಗೆ ಬಂದರೆ ರಾತ್ರಿ ಎಂಟಕ್ಕೆ ಮಲಗಬೇಡಿ

ಜೋಗ ನೋಡಿದ್ದಾಯ್ತು, ಕೊಡಚಾದ್ರಿ ಹತ್ತಿದ್ದಾಯ್ತು, ಆಗುಂಬೆಯಲ್ಲಿ ಸೂರ್ಯ ಮುಳುಗಿದ್ದೂ ಆಯ್ತು. ಆಮೇಲೆ? ಹೋಂಸ್ಟೇಗೆ ಬಂದು, ಊಟ ಮಾಡಿ, ನೆಟ್‌ವರ್ಕ್ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಎಂಟೂವರೆಗೆ ಮಲಗುತ್ತಾರೆ. ಊರಿಗೆ ವಾಪಸ್ ಹೋಗಿ ‘ಜಾಗ ಚೆನ್ನಾಗಿದೆ, ಆದರೆ ಸಂಜೆ ಮೇಲೆ ಅಲ್ಲಿ ಏನೂ ಇಲ್ಲ’ ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅವರು ದೀಪ ಆರಿಸಿದ ಹೊತ್ತಿಗೇ ಎರಡು ಗುಡ್ಡದ ಆಚೆ, ಕೊಯ್ಲು ಮುಗಿದ ಗದ್ದೆಯಲ್ಲಿ, ಚಂಡೆ ಶುರುವಾಗಿರುತ್ತದೆ.

ಮಲೆನಾಡಿನ ರಾತ್ರಿಗೆ ತನ್ನದೇ ಹಾಡು, ಕುಣಿತ, ನಾಟಕ ಎಲ್ಲ ಇವೆ. ಆದರೆ ಅವು ಬೋರ್ಡು ಹಾಕಿಕೊಂಡು ಪ್ರವಾಸಿಗರನ್ನು ಕಾಯುವುದಿಲ್ಲ. ನಾವೇ ಹುಡುಕಿಕೊಂಡು ಹೋಗಬೇಕು. ಹೇಗೆ ಅಂತ ಹೇಳುತ್ತೇನೆ.

ಮೊದಲು ರಾತ್ರಿ ಗೊತ್ತು ಮಾಡಿ, ಆಮೇಲೆ ಹಗಲು

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಹಗಲಿಗೆ ಐದು ಜಾಗ ತುಂಬಿಸಿಕೊಂಡು, ರಾತ್ರಿ ಏನಾದರೂ ಸಿಕ್ಕರೆ ನೋಡೋಣ ಅಂದುಕೊಳ್ಳುತ್ತಾರೆ. ಅಷ್ಟು ಸುತ್ತಿದ ಮೇಲೆ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ, ಇನ್ನು ಯಕ್ಷಗಾನ ನೋಡುವುದೆಲ್ಲಿ! ಮೂರು ದಿನ ಬರುತ್ತೀರಾ? ಒಂದು ರಾತ್ರಿಯನ್ನು ಪೂರ್ತಿ ಎತ್ತಿಡಿ. ಅವತ್ತು ಮಧ್ಯಾಹ್ನ ಊಟ ಮಾಡಿ ಎರಡು ತಾಸು ನಿದ್ದೆ ಮಾಡಿ. ಮಾರನೇ ದಿನ ಹನ್ನೊಂದರವರೆಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಯಾವ ತಿಂಗಳಲ್ಲಿ ಬರುತ್ತೀರಿ ಅನ್ನುವುದರ ಮೇಲೆ ಏನು ಸಿಗುತ್ತದೆ ಅನ್ನುವುದು ನಿಂತಿದೆ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಅಲ್ಲಿಂದಾಚೆ ಮಳೆ. ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ, ಆದರೆ ತಾಳಮದ್ದಳೆ ಇರುತ್ತದೆ. ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಕೂತು, ವೇಷ ಕುಣಿತ ಏನೂ ಇಲ್ಲದೆ, ಹಾಡುವ ಭಾಗವತರ ಪದ್ಯ ಮತ್ತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತಿನಲ್ಲೇ ಇಡೀ ಕತೆ ಕಟ್ಟುತ್ತಾರೆ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಕೃಷ್ಣನಿಗೂ ಕರ್ಣನಿಗೂ ವಾದ. ಕನ್ನಡ ಮಾತಿನ ರುಚಿ ಇರುವವರು ಜುಲೈ, ಆಗಸ್ಟ್‌ನಲ್ಲಿ ಬರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಜಾತ್ರೆಗಳ ಲೆಕ್ಕ ಬೇರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮಾತ್ರ ಪ್ರತಿ ವರ್ಷ ಬರುತ್ತದೆ. ಅದರ ಕೊನೆಯ ರಾತ್ರಿ ತುಂಗೆಯಲ್ಲಿ ತೆಪ್ಪೋತ್ಸವ. ದೀಪದ ತೆಪ್ಪ ನೀರಿನ ಮೇಲೆ ಮೆಲ್ಲಗೆ ಬರುವಾಗ ಎರಡೂ ದಡದಲ್ಲಿ ಜನ ಕಿಕ್ಕಿರಿದಿರುತ್ತಾರೆ. ಕೂರಲು ಜಾಗ ಬೇಕಾದರೆ ಕತ್ತಲಾಗುವ ಮೊದಲೇ ಹೋಗಿಬಿಡಿ.

ಎಲ್ಲಿ ಏನಿದೆ ಅಂತ ಕೇಳುವುದು

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಬಸ್‌ ಸ್ಟ್ಯಾಂಡಿನ ಗೋಡೆ ನೋಡಿ, ಸ್ಥಳೀಯ ಪತ್ರಿಕೆಯ ಒಳಪುಟ ನೋಡಿ. ಅದಕ್ಕಿಂತ ಒಳ್ಳೆಯದು ಬಾಯಿಬಿಟ್ಟು ಕೇಳುವುದು. ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು, ಆಟೋದವರನ್ನು, ಹೋಂಸ್ಟೇಯ ಅಮ್ಮನನ್ನು ‘ಇವತ್ತು ಹತ್ತಿರದಲ್ಲಿ ಎಲ್ಲಾದ್ರೂ ಆಟ ಇದ್ಯಾ?’ ಅಂತ ಕೇಳಿ. ‘ಯಕ್ಷಗಾನ ಪ್ರದರ್ಶನ’ ಅನ್ನುವುದೆಲ್ಲ ಬೇಡ, ಇಲ್ಲಿ ಅದು ಬರೀ ‘ಆಟ’. ಹೀಗೆ ಕೇಳಿದ್ದಕ್ಕೇ ನನಗೊಮ್ಮೆ ತೀರ್ಥಹಳ್ಳಿಯಲ್ಲಿ ಟೀ ಅಂಗಡಿಯವರು, ‘ಅಯ್ಯೋ, ನಮ್ಮ ಭಾವನ ಮನೇದೇ ಇವತ್ತು ಹರಕೆ ಆಟ, ಊಟಕ್ಕೇ ಬಂದ್ಬಿಡಿ ಮಾರಾಯ್ರೆ’ ಅಂದಿದ್ದರು. ಹೋದೆವು. ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು, ಯಾರು ನೀವು ಅಂತಲೂ ಕೇಳಲಿಲ್ಲ.

ಹರಕೆ ಆಟ ಅಂದರೆ ಒಂದು ಮನೆಯವರು ದೇವರಿಗೆ ಹೇಳಿಕೊಂಡು ಆಡಿಸುವ ಸೇವೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. ಮಂದಾರ್ತಿಯಂಥ ಮೇಳದ ಆಟ ಆಡಿಸಲು ಜನ ಎಷ್ಟೋ ವರ್ಷ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಆ ಮನೆಗೆ ಅದು ಮದುವೆಯಷ್ಟೇ ದೊಡ್ಡ ದಿನ. ಆದ್ದರಿಂದ ಕುಡಿದು ಹೋಗಬೇಡಿ, ಮನೆಯವರು ಎದುರಾದರೆ ಎರಡು ಮಾತಾಡಿ, ಮಂಗಳಾರತಿ ತಟ್ಟೆಗೆ ನಿಮಗೆ ತಿಳಿದಷ್ಟು ಹಾಕಿ. ಟೆಂಟ್ ಹಾಕಿ ಆಡುವ ಡೇರೆ ಮೇಳದ್ದಾದರೆ ಟಿಕೆಟ್ ತೆಗೆದುಕೊಂಡು ಹೋಗುವುದು, ಅಷ್ಟೇ.

ಆಟದ ರಾತ್ರಿ

ಸ್ವೆಟರ್ ಸಾಲದು, ತಲೆಗೆ ಟೋಪಿ ಅಥವಾ ಮಫ್ಲರ್ ಬೇಕು. ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿ ಮೇಲೆ ಇಬ್ಬನಿ ಬಿದ್ದು ಕೂದಲು ಒದ್ದೆಯಾಗುತ್ತದೆ. ಒಂದು ಚಾಪೆ, ಒಂದು ಹೊದಿಕೆ, ಟಾರ್ಚ್ ಇರಲಿ. ಚುರುಮುರಿ, ಬಿಸಿ ಶೇಂಗಾ, ಟೀ ಆಟದ ಪಕ್ಕದಲ್ಲೇ ಸಿಗುತ್ತದೆ, ಚಿಲ್ಲರೆ ಇಟ್ಟುಕೊಂಡರೆ ಸಾಕು.

ಸಾಧ್ಯವಾದಷ್ಟು ಬೇಗ ಹೋಗಿ. ಕತೆ ಶುರುವಾಗುವ ಮೊದಲಿನ ಹೊತ್ತು ನನಗೆ ತುಂಬ ಇಷ್ಟ. ಕೇಳಿ ಹೊಡೆಯುತ್ತಾರೆ. ಅಂದರೆ ಇವತ್ತು ಇಲ್ಲಿ ಆಟ ಇದೆ ಅಂತ ಸುತ್ತಲ ಊರಿಗೆಲ್ಲ ಚಂಡೆ ಮದ್ದಳೆಯಲ್ಲಿ ಹೇಳುವುದು. ಕಾಡಿನ ಮೌನದಲ್ಲಿ ಆ ಸದ್ದು ಎಷ್ಟು ದೂರ ಹೋಗುತ್ತದೆ ಗೊತ್ತಾ! ಅದೇ ಹೊತ್ತಿಗೆ ಚೌಕಿಯಲ್ಲಿ ವೇಷ ಕಟ್ಟುತ್ತಿರುತ್ತಾರೆ. ಚೌಕಿ ಅಂದರೆ ಬಣ್ಣದ ಮನೆ. ಹೊರಗಿನಿಂದ ನೋಡಲು ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಒಳಗೆ ಮೇಳದ ದೇವರು ಇರುತ್ತದೆ. ಚಪ್ಪಲಿ ಹೊರಗೆ ಬಿಡಿ, ಕೇಳದೆ ಫೋಟೋ ತೆಗೆಯಬೇಡಿ. ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಗೆರೆ ಎಳೆಯುವವರು ಆಗಲೇ ಅರ್ಧ ಪಾತ್ರದ ಒಳಗೆ ಹೋಗಿರುತ್ತಾರೆ. ಮಾತಾಡಿಸಿದರೆ ಆ ನಡಿಗೆ ಕಡಿದುಹೋಗುತ್ತದೆ.

ಕತೆ ಗೊತ್ತಿದ್ದರೆ ಆಟದ ಸವಿ ಹೆಚ್ಚು. ಅವತ್ತಿನ ಪ್ರಸಂಗ ಯಾವುದು ಅಂತ ಪಕ್ಕದಲ್ಲಿ ಕೂತವರನ್ನು ಕೇಳಿ. ಹತ್ತು ನಿಮಿಷದಲ್ಲಿ ಪೂರ್ತಿ ಕತೆ ಹೇಳುತ್ತಾರೆ, ಜೊತೆಗೆ ಹಿಂದಿನ ಸಲ ಇದೇ ಪಾತ್ರ ಯಾರು ಮಾಡಿದ್ದರು ಅಂತಲೂ ಹೇಳುತ್ತಾರೆ. ಒಂದು ವಿಷಯ ನೆನಪಿಡಿ: ಪದ್ಯ ಬರೆದಿಟ್ಟದ್ದು, ಆದರೆ ಮಾತು ಆ ಕ್ಷಣದ್ದು. ಭಾಗವತರು ಹಾಡಿದ ನಾಲ್ಕು ಸಾಲಿನ ಪದ್ಯವನ್ನು ಹಿಡಿದು ವೇಷಧಾರಿ ಅಲ್ಲಿಯೇ ಮಾತು ಬೆಳೆಸುತ್ತಾನೆ. ಎದುರಿನವನು ಅದಕ್ಕೆ ಅಲ್ಲೇ ಉತ್ತರ ಹುಡುಕಬೇಕು. ನಿನ್ನೆಯ ಆಟ ಇವತ್ತು ಇರುವುದಿಲ್ಲ ಅನ್ನುವುದು ಅದಕ್ಕೇ. ಭಾಗವತರನ್ನು ಮೊದಲನೇ ವೇಷ ಅನ್ನುತ್ತಾರೆ. ಬಣ್ಣ ಹಚ್ಚದೆ ಹಿಂದೆ ಕೂತಿದ್ದರೂ ಇಡೀ ಆಟವನ್ನು ನಡೆಸುವವರು ಅವರೇ. ಸ್ವಲ್ಪ ಹೊತ್ತು ಕುಣಿತ ಬಿಟ್ಟು ಅವರ ಕೈಯ ತಾಳವನ್ನೇ ನೋಡಿ, ಕುಣಿಯುವವನ ಹೆಜ್ಜೆಗೂ ಆ ತಾಳಕ್ಕೂ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಬಡಗುತಿಟ್ಟು ಅನ್ನುವ ಯಕ್ಷಗಾನ ಶೈಲಿಯ ಮಂಡಿ ಕುಣಿತ ಬಂದಾಗಂತೂ, ಮೊಣಕಾಲೂರಿ ಗಿರಗಿರನೆ ಸುತ್ತುವಾಗ, ನಿದ್ದೆಗೆ ಜಾರಿದ್ದ ಮಕ್ಕಳೂ ಎದ್ದು ಕೂರುತ್ತಾರೆ.

ನಿದ್ದೆ ಬಂದರೆ ಚಾಪೆಯಲ್ಲೇ ಒರಗಿ. ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಅರ್ಧದಲ್ಲಿ ಎದ್ದು ಹೋಗಬೇಡಿ. ಹಿರಿಯ ಕಲಾವಿದರ ವೇಷ ಎಷ್ಟೋ ಸಲ ನಡುರಾತ್ರಿ ಮೇಲೆ ಬರುತ್ತದೆ.

ವಾಪಸ್ ಬರುವ ದಾರಿ

ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಅದೂ ಒಂದು ಕಾರಣವಾಗಿ, ಜನರ ಅನುಕೂಲವೂ ಸೇರಿ, ಈಗ ಕಾಲಮಿತಿ ಆಟಗಳು ಹೆಚ್ಚಾಗಿವೆ. ಅವು ನಡುರಾತ್ರಿ ಹೊತ್ತಿಗೆ ಮುಗಿಯುತ್ತವೆ. ಹೊರಗಿನವರಿಗೆ ಆ ಹೊತ್ತು ಕಷ್ಟ. ಬಸ್ಸಿಲ್ಲ, ಆಟೋ ಇಲ್ಲ, ರಸ್ತೆಯಲ್ಲಿ ಮಂಜು, ತಿರುವಿನಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿರಬಹುದು. ಕಾಲಮಿತಿ ಆಟಕ್ಕೆ ಹೋಗುವುದಾದರೆ ಬಿಟ್ಟುಬರುವ ವಾಹನವನ್ನು ಸಂಜೆಯೇ ಮಾತಾಡಿಟ್ಟುಕೊಳ್ಳಿ, ಓಡಿಸುವವರು ಮಧ್ಯಾಹ್ನ ಮಲಗಿ ಎದ್ದವರಾಗಿರಲಿ. ಬೆಳಗಿನವರೆಗಿನ ಆಟದಲ್ಲಿ ಈ ತೊಂದರೆ ಇಲ್ಲ. ಮಂಗಳ ಹಾಡುವಾಗ ಬೆಳಕು ಹರಿದಿರುತ್ತದೆ, ಮೊದಲ ಬಸ್ಸು ಬಂದಿರುತ್ತದೆ. ಮೊದಲ ಸಲ ಬರುವವರಿಗೆ ನಾನು ಪೂರ್ತಿ ರಾತ್ರಿಯ ಆಟವನ್ನೇ ಹೇಳುವುದು.

ಉಳಿಯುವ ಜಾಗದವರಿಗೂ ಮೊದಲೇ ಹೇಳಿ. ಹೊಸನಗರ ಕಡೆ ಒಂದು ಹೋಂಸ್ಟೇಯಲ್ಲಿ ನಾವು ಹೇಳದೆ ಹೋಗಿದ್ದೆವು. ಒಂದು ಗಂಟೆಗೆ ಬಂದರೆ ಗೇಟಿಗೆ ಬೀಗ, ಅಂಗಳದಲ್ಲಿ ನಾಯಿ ಬಿಟ್ಟಿದ್ದಾರೆ, ಫೋನು ಹೋಗುತ್ತಿಲ್ಲ. ಬೆಳಗಿನವರೆಗೆ ಕಾರಿನಲ್ಲೇ ಕೂತೆವು, ಜೊತೆಯಲ್ಲಿದ್ದ ಅಕ್ಕನ ಮಗುವಿಗೆ ಎರಡು ದಿನ ಜ್ವರ.

ಶರಾವತಿ ಹಿನ್ನೀರಿನ ಆಚೆ ಹೋಗುವವರಿಗೆ ಈಗ ಅನುಕೂಲವಾಗಿದೆ. ಮೊದಲು ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು, ಆಚೆ ಇದ್ದವರು ಆಚೆಯೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರು ಕಡೆ ರಾತ್ರಿಯೂ ಹೋಗಿಬರಬಹುದು.

ನಾಟಕ ಬೇಕಾದರೆ ಹೆಗ್ಗೋಡು

ಬಯಲಿನ ಚಳಿ ಆಗುವುದಿಲ್ಲ ಅನ್ನುವವರಿಗೆ ನೀನಾಸಂ ಇದೆ. ಸಾಗರದಿಂದ 8-9 ಕಿ.ಮೀ. ದೂರದ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ಸಂಸ್ಥೆ. ಕೆ.ವಿ. ಸುಬ್ಬಣ್ಣ ಅವರು ಇದನ್ನು ಬೆಳೆಸಿದರು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ಊರಿನಲ್ಲಿ ಶಿವರಾಮ ಕಾರಂತ ರಂಗಮಂದಿರದಂಥ ಒಳ್ಳೆಯ ರಂಗಮಂದಿರ, ನಾಟಕ ಕಲಿಸುವ ಶಾಲೆ, ಸಂಜೆ ಕೆಲಸ ಮುಗಿಸಿ ಬಂದು ನಾಟಕ ನೋಡುವ ಊರಿನವರು. ಈ ಪ್ರೇಕ್ಷಕರ ನಡುವೆ ಕೂರುವುದೇ ಒಂದು ಅನುಭವ. 1985ರಲ್ಲಿ ಶುರುವಾದ ‘ತಿರುಗಾಟ’ದ ನಾಟಕಗಳು ಮಳೆಗಾಲ ಕಳೆದ ಮೇಲೆ ಊರೂರು ಸುತ್ತುತ್ತವೆ, ನಿಮ್ಮ ಊರಿಗೂ ಬರಬಹುದು. ಆದರೂ ಹೆಗ್ಗೋಡಿನಲ್ಲೇ ನೋಡುವುದು ಬೇರೆ. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣ. ನಾಟಕ ಇರುವ ದಿನ ಸಂಸ್ಥೆಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ. ಸಾಗರದಲ್ಲೇ ಉಳಿದುಕೊಂಡರೆ ವಾಪಸ್ ಹೋಗುವುದು ಸುಲಭ.

ಶಿವಮೊಗ್ಗ ಪೇಟೆಯಲ್ಲೇ ಇರುವವರು ಕುವೆಂಪು ರಂಗಮಂದಿರದಲ್ಲಿ, ರಂಗಾಯಣ ಇರುವ ಸುವರ್ಣ ಸಾಂಸ್ಕೃತಿಕ ಭವನದಲ್ಲಿ ಏನಿದೆ ಅಂತ ವಿಚಾರಿಸಿ. ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಉಂಟು. ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಿಕ್ಕಿತ್ತು.

ದೀಪಾವಳಿಗೆ ಬಂದರೆ

ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಸುತ್ತಿನ ಹಳ್ಳಿಗಳಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಬರುತ್ತಾರೆ. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಆರದ ಹಾಗೆ ಹಿಡಿದುಕೊಂಡು, ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತಾ ನಡೆಯುವುದು. ಮುಂದೆ ಹಾಡುವವರು ಒಂದು ಸಾಲು ಹೇಳಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ, ಅಕ್ಕಿ ಕಾಯಿ ಹಣ ಕೊಡುತ್ತಾರೆ.

ಇದಕ್ಕೆ ಸಮಯ ಇಲ್ಲ, ಜಾಗ ಇಲ್ಲ, ಟಿಕೆಟ್ ಇಲ್ಲ. ಹಳ್ಳಿಯ ಒಳಗಿನ ಮನೆಯಲ್ಲಿ ಉಳಿದುಕೊಂಡು, ಬಂದರೆ ಎಬ್ಬಿಸಿ ಅಂತ ಮನೆಯವರಿಗೆ ಹೇಳಿಟ್ಟು ಮಲಗುವುದೊಂದೇ ದಾರಿ. ಎರಡು ಗಂಟೆಗೋ ಮೂರು ಗಂಟೆಗೋ ಬಾಗಿಲ ಹೊರಗೆ ಹಾಡು ಕೇಳುತ್ತದೆ. ಎದ್ದು ಬನ್ನಿ, ಟಾರ್ಚ್ ಹಾಕಬೇಡಿ, ಮೊಬೈಲ್ ಬೆಳಕೂ ಬೇಡ, ಮನೆಯವರ ಹಿಂದೆ ಜಗಲಿಯಲ್ಲಿ ನಿಂತುಕೊಳ್ಳಿ. ಎಣ್ಣೆ ಗಿಂಡಿ ನಿಮ್ಮ ಕೈಗೆ ಕೊಟ್ಟರೆ ಎರಡು ಹನಿ ಎರೆಯಿರಿ. ಅವರು ತೋಟದ ದಾರಿ ಇಳಿದು ಮುಂದಿನ ಮನೆಗೆ ಹೋದ ಮೇಲೂ ಹಾಡು ತುಂಬಾ ಹೊತ್ತು ಕೇಳುತ್ತಿರುತ್ತದೆ, ಬಾಗಿಲು ಹಾಕಲು ಅವಸರ ಮಾಡಬೇಡಿ.