ಬಿಸಿ ತಂತಿಯಲ್ಲಿ ಕೊಯ್ದ ಕ್ಲಾರ್ಕ್-ವೈ ರೆಕ್ಕೆ

ಮಾದರಿ ವಿಮಾನಕ್ಕೆ ಥರ್ಮಾಕೋಲ್‌ನಲ್ಲಿ ಕೈಯಾರೆ ಕ್ಲಾರ್ಕ್-ವೈ (ತಳ ಸಪಾಟು, ಮೇಲೆ ಉಬ್ಬು ಇರೋ ಹಳೆಯ ರೆಕ್ಕೆ ಆಕಾರ) ಕೊಯ್ಯೋದು ಆಗದ ಮಾತು, ಸುಮ್ಮನೆ ಬಾಲ್ಸಾ ಅನ್ನೋ ಹಗುರ ಮರದ ಕಿಟ್ ತರಿಸಿ ಅಂದವರೇ ಮೈಸೂರಲ್ಲಿ ಜಾಸ್ತಿ. ಅದೇ ರೆಕ್ಕೆ ಈಗ ಮಂಡ್ಯದ ಕೊಯ್ಲಾದ ಗದ್ದೆಗಳ ಮೇಲೆ ಎರಡು ಹಂಗಾಮು ಹಾರಿದೆ. ಉದ್ದ 120 ಸೆಂ.ಮೀ., ಅಗಲ 20, ವಿಮಾನದ ಒಟ್ಟು ತೂಕ 720 ಗ್ರಾಂ ಆಸುಪಾಸು. ರೆಕ್ಕೆಗೆ ಬಿದ್ದದ್ದು ಸುಮಾರು 350 ರೂಪಾಯಿ. ಹಾಳಾದ ಹಾಳೆಗಳ ಲೆಕ್ಕ ಬೇರೆ, ಅದೇ 1,800 ದಾಟಿತ್ತು.

ರೆಕ್ಕೆಯ ಮುಂದಿನ ಅಂಚನ್ನು ಮೂಗು, ಹಿಂದಿನ ಅಂಚನ್ನು ಬಾಲ ಅಂತೀವಿ. ಕ್ಲಾರ್ಕ್-ವೈ ತಳ ಮೂಗಿನಿಂದ ಅಗಲದ ಶೇ. 30ರ ನಂತರ ಸಪಾಟು. ಮೇಜಿನ ಮೇಲೆ ಕೂರುತ್ತೆ, ತಿರುಚು ಅಳೆಯೋದು ಸಲೀಸು. ದಪ್ಪ ಅಗಲದ ಶೇ. 11.7, ಅಂದರೆ ಇಲ್ಲಿ 23 ಮಿ.ಮೀ. ಚಿಲ್ಲರೆ.

ಕೊಯ್ಯೋ ತಂತಿ 0.4 ಮಿ.ಮೀ. ದಪ್ಪದ ನೈಕ್ರೋಮ್ (ಕರೆಂಟಿಗೆ ಕಾಯೋ ಮಿಶ್ರಲೋಹ), ಉದ್ದ 70 ಸೆಂ.ಮೀ. ಗುಜರಿಯ ಕಂಪ್ಯೂಟರ್ ಪವರ್ ಸಪ್ಲೈನ 12 ವೋಲ್ಟ್ ಕೊಟ್ಟರೆ 2 ಆಂಪ್ ಎಳೆಯುತ್ತೆ, ಸಾಕು. ತಂತಿ ಕೆಂಪಾಯ್ತೋ, ಹಾಳೆ ಹೋಯ್ತು. ಬಿಸಿ ಹದವಾಗಿದ್ದರೆ ತಂತಿಯ ಹಿಂದೆ ಜೇಡರ ಬಲೆಯಂಥ ಎಳೆ ಏಳುತ್ತೆ, ಅದೇ ಗುರುತು. ಬಿಸಿಗೆ ತಂತಿ ಹಿಗ್ಗಿ ಸಡಿಲಾಗುತ್ತೆ. ತಂತಿ ಕಟ್ಟಿದ ಬಿಲ್ಲಿಗೆ ಸ್ಪ್ರಿಂಗ್ ಇಲ್ಲದಿದ್ದರೆ ನಡುಭಾಗ ಹಿಂದೆ ಬಿದ್ದು ಮೂಗನ್ನು ಅಡ್ಡ ಕೊಯ್ದುಬಿಡುತ್ತೆ. ನಾಲ್ಕು ರೆಕ್ಕೆ ಹೀಗೇ ಕಸಕ್ಕೆ ಹೋದವು. ಯಾವ ಸ್ಪ್ರಿಂಗ್, ಎಷ್ಟು ಬಿಗಿ ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಹಾಳೆಯ ಎರಡು ತುದಿಗೂ ಒಂದೊಂದು ಅಚ್ಚು, ತಂತಿ ಸರಿಯೋದು ಇವುಗಳ ಅಂಚಿನ ಮೇಲೆ. ಅಚ್ಚು ಸನ್‌ಮೈಕಾ ಚೂರಿನದು, ಅಂಚು ನುಣುಪಾಗಲು 400ರ ಎಮೆರಿ ಕಾಗದ. ಎರಡೂ ಅಚ್ಚಿನ ಮೇಲೆ 1ರಿಂದ 20 ಗುರುತು ಹಾಕಿ, ತುದಿಗೊಬ್ಬರಂತೆ ಇಬ್ಬರೂ ನಂಬರ್ ಕೂಗುತ್ತಾ ತಂತಿ ಎಳೆಯಬೇಕು. ಬಾಲದ ಅಂಚಿಗೆ ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ತಗುಲಿ ಇಲಿ ಕಡಿದ ಹಾಗಾಗುತ್ತೆ. ಅಚ್ಚಿನ ಬಾಲವನ್ನು 5 ಮಿ.ಮೀ. ಉದ್ದ ಬಿಟ್ಟು, ಆಮೇಲೆ ಬ್ಲೇಡಲ್ಲಿ ಕತ್ತರಿಸಿದರೆ ಸರಿ.

ಫೆವಿಕ್ವಿಕ್, ರಬ್ಬರ್ ಗೋಂದು ಹತ್ತಿರವೂ ತರಬೇಡಿ, ಥರ್ಮಾಕೋಲ್ ಕರಗುತ್ತೆ. ರೆಕ್ಕೆಗೆ ಹೊದಿಸೋ ಬ್ರೌನ್ ಪೇಪರಿಗೆ ಸಮ ನೀರು ಬೆರೆಸಿದ ಫೆವಿಕಾಲ್. ಎರಡೂ ಮೈಗೆ ಒಂದೇ ಸಲ ಅಂಟಿಸಿ. ಒಂದು ಮೈ ಮಾತ್ರ ಒಣಗಿದರೆ ಕಾಗದ ಬಿಗಿದು ರೆಕ್ಕೆ ಬಾಳೆಕಾಯಿ ಆಗುತ್ತೆ. ಕೊಯ್ದಾಗ ಉಳಿದ ಹೊರಚಿಪ್ಪನ್ನು ಎಸೆಯಬೇಡಿ, ರೆಕ್ಕೆಯನ್ನು ಅದರಲ್ಲೇ ಮಲಗಿಸಿ ಒಂದು ದಿನ ಭಾರ ಹೇರಿ. ಆಗಲೇ ತುದಿಯ ಬಾಲದ ಅಡಿಗೆ 7 ಮಿ.ಮೀ. ಪಟ್ಟಿ ಕೊಟ್ಟರೆ 2 ಡಿಗ್ರಿ ತಿರುಚು ಕೂರುತ್ತೆ. ಇದಿಲ್ಲದ ರೆಕ್ಕೆ ನಿಧಾನದ ತಿರುವಿನಲ್ಲಿ ತುದಿಯಿಂದಲೇ ಮೇಲೆತ್ತುವ ಬಲ ಕಳೆದುಕೊಂಡು ಪಕ್ಕಕ್ಕೆ ಉರುಳುತ್ತೆ. ನಮ್ಮ ಲೆಕ್ಕದಲ್ಲಿ ಗಂಟೆಗೆ 24 ಕಿ.ಮೀ.ಗಿಂತ ಕೆಳಗೆ ಅಪಾಯ. ಮಂಗಳೂರಿಗಿಂತ ಇಲ್ಲಿ ಗಾಳಿ ತೆಳು, ಇಳಿಸುವಾಗ ಚೂರು ವೇಗ ಜಾಸ್ತಿಯೇ ಇರಲಿ. ಭಾರದ ಬಿಂದು, ಅಂದರೆ ವಿಮಾನದ ತೂಕ ಸಮ ತೂಗೋ ಜಾಗ, ರೆಕ್ಕೆಯ ಮೂಗಿನಿಂದ 55 ಮಿ.ಮೀ. ಹಿಂದೆ.

ಮಧ್ಯೆ ಒಂದು ಉಪಕಸುಬು: 6 ಇಂಚಿನ ಪಿವಿಸಿ ಪೈಪನ್ನು ಉದ್ದುದ್ದ ಸೀಳಿ ಗಾಳಿಯಂತ್ರದ ರೆಕ್ಕೆ. ಬಾಗಿದ ತೆಳು ಪಟ್ಟಿಯೂ ಗಾಳಿಯನ್ನು ತಿರುಗಿಸುತ್ತೆ, ಮೇಲಿನ ಗಾಳಿ ಕೆಳಗಿನದರ ಜೊತೆಗೇ ಬಾಲ ಮುಟ್ಟಬೇಕು ಅನ್ನೋ ಶಾಲೆ ಪಾಠ ಸುಳ್ಳು. ಮೂಗು ದುಂಡಗೆ, ಬಾಲ ಚೂಪು ಮಾಡಿದ ಮೇಲೆ ಆಷಾಢದ ಗಾಳಿಗೆ ಸೈಕಲ್ ಡೈನಮೋ ದೀಪ ಹತ್ತಿತು. ಬಾಲ ಮೊಂಡಾಗಿದ್ದಾಗ ಬರೀ ಗಲಾಟೆ.

ಈಗ ಕೈ ಹಾಕಿರೋದು ಬುಡದಲ್ಲಿ 22, ತುದಿಯಲ್ಲಿ 15 ಸೆಂ.ಮೀ. ಅಗಲದ ರೆಕ್ಕೆಗೆ. ತುದಿಯಲ್ಲಿ ತಂತಿ ನಿಧಾನ ಸರಿಯುತ್ತೆ, ಹೆಚ್ಚು ಕರಗುತ್ತೆ. ಅದಕ್ಕೇ ತುದಿಯ ಅಚ್ಚನ್ನು ಸುತ್ತಲೂ ಅರ್ಧ ಮಿ.ಮೀ. ದೊಡ್ಡದಾಗಿ ಉಜ್ಜಿಟ್ಟಿದ್ದೇವೆ.