ಹಂಚಿನ ಮನೆಯ ಹಳೇ ಮರದಲ್ಲಿ ಹಿತ್ತಲಿಗೊಂದು ಡೆಕ್

ಪುತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ, ಪುನರ್ಪುಳಿ ಮರದ ಪಕ್ಕ 12 ಅಡಿ ಉದ್ದ, 10 ಅಡಿ ಅಗಲದ ಡೆಕ್, ಅಂದರೆ ಕೂರಲು ಮರದ ಜಗಲಿ, ಬೇಕೆಂದು ವಿಚಾರಿಸಿದೆ. ಕಬ್ಬಿಣದ ಫ್ರೇಮಿನ ಮೇಲೆ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ ಹಾಕಿ ಕೊಡಲು ಒಂದು ಲಕ್ಷದ ಹತ್ತಿರ ಹೇಳಿದರು. ನಾನು ತೆಗೆದಿಟ್ಟದ್ದು 35,000. ಅಮ್ಮ ಸಿಮೆಂಟಿನ ಕಟ್ಟೆ ಸಾಕು ಅಂದರು. ಆದರೆ ಅದಕ್ಕೆ ಮರದ ಬೇರು ಕಡಿಯಬೇಕಿತ್ತು.

ಕಡಿಮೆ ಖರ್ಚಿನ ಡೆಕ್ ಅಂತ ಹುಡುಕಿದರೆ ವಿಡಿಯೋಗಳಲ್ಲೆಲ್ಲ ಪೈನ್ ಪ್ಯಾಲೆಟ್, ಅಂದರೆ ಸರಕು ಇಟ್ಟು ಸಾಗಿಸುವ ಮರದ ಚೌಕಟ್ಟು. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿ ಕಡೆ ಹಳೇ ಪ್ಯಾಲೆಟ್ ಸಿಗುತ್ತವೆ. ಕೊಳ್ಳುವವರು ಮೊದಲು ಮುದ್ರೆ ನೋಡಬೇಕು. ‘ಎಚ್‌ಟಿ’ ಅಂದರೆ ಮರವನ್ನು ತಿರುಳಿನವರೆಗೆ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ್ದು. ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಅದು ಮನೆಗೆ ಬೇಡ. ಆದರೆ ಕಾಯಿಸುವುದು ಒಳಗಿದ್ದ ಹುಳ ಸಾಯಲಿ ಅಂತ ಅಷ್ಟೆ, ಆಮೇಲೆ ಬರುವ ಒರಲೆಯನ್ನು (ಗೆದ್ದಲನ್ನು) ಅದು ತಡೆಯುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಊರಲ್ಲಿ ಬಯಲಿಗೆ ಪೈನ್ ಹಾಕುವ ಧೈರ್ಯ ನನಗೆ ಬರಲಿಲ್ಲ.

ನಮ್ಮ ಕಡೆ ಧಾರಾಳವಾಗಿ ಸಿಗುವುದು ಕೆಡವಿದ ಹಂಚಿನ ಮನೆಗಳ ಮರ. ಪಕ್ಕಾಸು (ಮಾಡಿನ ಇಳಿಜಾರಿಗೆ ಹಾಕುವ ಉದ್ದ ಮರ), ರೀಪು (ಹಂಚು ಕೂರಿಸುವ ತೆಳು ಪಟ್ಟಿ), ತೊಲೆ ಎಲ್ಲ ಒಂದೇ ಅಂಗಡಿಯಲ್ಲಿ, ಹೊಸ ಮರದ ಅರ್ಧ ಬೆಲೆಗೂ ಕಡಿಮೆಗೆ. ಹತ್ತಾರು ವರ್ಷ ಮಾಡಿನಲ್ಲಿ ಒಣಗಿದ ಮರವಾದ್ದರಿಂದ ಇನ್ನು ಡೊಂಕಾಗುವ ಭಯ ಕಡಿಮೆ. ಅಂಗಡಿಗೆ ಹೋಗುವಾಗ ಟೇಪು, ಸುತ್ತಿಗೆ ಎರಡೂ ಕೈಯಲ್ಲಿರಲಿ. ಅಗಲ, ದಪ್ಪ ಇಂಚಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ. 4×2 ಇಂಚಿನ 12 ಅಡಿ ಪಕ್ಕಾಸು ಮುಕ್ಕಾಲು ಸಿಎಫ್‌ಟಿಯೂ ಬರುವುದಿಲ್ಲ, ಅಂಗಡಿಯವರ ಬಾಯಲ್ಲಿ ಅದು ಸಲೀಸಾಗಿ ಒಂದಾಗುತ್ತದೆ. ಸುತ್ತಿಗೆಯಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಒರಲೆ ತಿಂದಿರುತ್ತದೆ. ನನಗೆ ಬೇಕಾದದ್ದು ಸುಮಾರು 20 ಸಿಎಫ್‌ಟಿ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು.

ದುಡ್ಡು ಉಳಿಸಲು ಕೈ ಹಾಕಬಾರದ ಜಾಗ ಡೆಕ್ಕಿನ ಅಡಿಭಾಗ. ನಮ್ಮ ಆಚಾರಿ ನಿಂತಲ್ಲೇ ಹೇಳಿದರು: “ಕಂಬದ ಬುಡ ಮಣ್ಣಿಗೆ ಹಾಕ್ಬೇಡಿ ಮಾರಾಯ್ರೆ, ಒರಲೆಯನ್ನು ಕರೆದು ಊಟಕ್ಕೆ ಕೂರಿಸಿದ ಹಾಗೆ.” ಹಾಗಾಗಿ ಮರ ಎಲ್ಲೂ ಮಣ್ಣು ಮುಟ್ಟದು. ಮೇಲಿನ ಮೆದು ಮಣ್ಣು ಕೆರೆದು, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿ, ಜಲ್ಲಿ ಹರಡಿದೆ. ಹಳೇ ಫ್ಲೆಕ್ಸ್ ಹಾಸಿದರೆ ಹುಲ್ಲು ಬರುವುದಿಲ್ಲ ಅನ್ನುತ್ತಾರೆ. ಆದರೆ ಅದರ ಮೇಲೆ ನೀರು ನಿಂತು ಸೊಳ್ಳೆ ಸಾಕಬೇಕಾಗುತ್ತದೆ. ಬೇರು ತಪ್ಪಿಸಿ, ನಾಲ್ಕರಂತೆ ಮೂರು ಸಾಲು ಕೆಂಪುಕಲ್ಲಿನ ಕಾಲು. ಎಲ್ಲದರ ತಲೆ ಒಂದೇ ಎತ್ತರಕ್ಕೆ ತರಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು, ಲೇಸರ್ ಬೇಕಿಲ್ಲ. ಕೆಂಪುಕಲ್ಲು ನೀರು ಹೀರುತ್ತದೆ, ಆದ್ದರಿಂದ ಕಲ್ಲಿಗೂ ತೊಲೆಗೂ ನಡುವೆ ಟಾರ್ ಶೀಟಿನ ತುಂಡು ಇಟ್ಟೆ.

ತೊಲೆಯ ಮೇಲೆ ಒಂದಡಿಗೊಂದರಂತೆ ಪಕ್ಕಾಸು. ಮೇಲೆ ಬರುವುದು 2 ಇಂಚು ಅಗಲದ ರೀಪು, ಪಕ್ಕಾಸಿನ ಅಂತರ ಹೆಚ್ಚಾದರೆ ಕಾಲಡಿಯಲ್ಲಿ ಬಾಗುತ್ತದೆ. ಮರ ಮೊದಲು ಕೊಳೆಯುವುದು ರೀಪು ಪಕ್ಕಾಸಿನ ಮೇಲೆ ಕೂರುವ ಜಾಗದಲ್ಲಿ, ಯಾಕೆಂದರೆ ಅಲ್ಲಿ ನುಗ್ಗಿದ ನೀರು ಬೇಗ ಆರುವುದಿಲ್ಲ. ಪಂಕ್ಚರ್ ಅಂಗಡಿಯಿಂದ ಹಳೇ ಲಾರಿ ಟ್ಯೂಬ್ ತಂದು, ಪಟ್ಟಿ ಕೊಯ್ದು, ಪಕ್ಕಾಸಿನ ಮೇಲ್ಮೈಗೆ ಹೊದೆಸಿದೆ. ಅದಕ್ಕೆ ಮುಂಚೆ ಅಡಿಯ ಮರಕ್ಕೆಲ್ಲ ಗೇರೆಣ್ಣೆಗೆ (ಗೇರುಬೀಜದ ಸಿಪ್ಪೆಯ ಎಣ್ಣೆಗೆ) ಸೀಮೆಎಣ್ಣೆ ಬೆರೆಸಿ ಎರಡು ಕೈ ಹಚ್ಚಿದೆ. ಕರಾವಳಿಯಲ್ಲಿ ದೋಣಿಗೂ ಹಚ್ಚುವ ಎಣ್ಣೆ ಇದು. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬಾರದು, ಕೂರುವ ಮೇಲ್ಭಾಗಕ್ಕೆ ಹಚ್ಚಲೂಬಾರದು. ಇಂಜಿನ್ನಿನ ಕೆಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಅದರ ವಾಸನೆಯಲ್ಲಿ ಯಾರು ಚಾ ಕುಡಿಯುತ್ತಾರೆ?

ರೀಪಿಗೆ ಮೊಳೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ನನಗೆ ಏಳುನೂರರ ಹತ್ತಿರ ಬೇಕಾದವು, ಮರ ಬಿಟ್ಟರೆ ದೊಡ್ಡ ಖರ್ಚು ಇದೇ. ಹಳೇ ಮರ ಎಷ್ಟು ಗಟ್ಟಿ ಅಂದರೆ ಮೊದಲೇ ಡ್ರಿಲ್ಲಿನಲ್ಲಿ ತೂತು ಕೊರೆಯದಿದ್ದರೆ ಸ್ಕ್ರೂವಿನ ತಲೆ ಮುರಿದು ಬರುತ್ತದೆ. ಎಳೆಗೆ ಚೂರು ಸಾಬೂನು ತಿಕ್ಕಿದರೆ ಸುಲಭವಾಗಿ ಇಳಿಯುತ್ತದೆ. ಎರಡು ರೀಪಿನ ನಡುವೆ 6 ಎಂಎಂ ಬೋಲ್ಟ್ ಇಟ್ಟು ಅಂತರ ಕಾಯ್ದುಕೊಂಡೆ. ಮಳೆಗಾಲದಲ್ಲಿ ಮರ ಉಬ್ಬಿದರೂ ನೀರು ಇಳಿಯುತ್ತದೆ, ಕುರ್ಚಿಯ ಕಾಲೂ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಅಂದ. ರೀಪುಗಳನ್ನು ಮೊದಲೇ ಅಳೆದು ಕೊಯ್ಯಲಿಲ್ಲ. ತುದಿಗಳು ಹೆಚ್ಚುಕಮ್ಮಿ ಚಾಚಿಕೊಂಡಿರಲಿ ಅಂತ ಬಿಟ್ಟು, ಎಲ್ಲ ಬಿಗಿದ ಮೇಲೆ ಆಚಾರಿ ಈ ತುದಿಯಿಂದ ಆ ತುದಿಗೆ ಬಣ್ಣ ಹಚ್ಚಿದ ನೂಲು ಬಿಗಿಯಾಗಿ ಹಿಡಿದು, ಮೀಟಿ ಬಿಟ್ಟರು. ಬಿದ್ದ ಗೆರೆಯ ಮೇಲೆ ಒಂದೇ ಸಲಕ್ಕೆ ಕಟ್ಟರ್ ಓಡಿತು. ಅಂಚಿಗೆ ಒಂದು ಅಡ್ಡ ಹಲಗೆ ಬಡಿದ ಕೂಡಲೇ ಗುಜರಿ ಮರದ ರಾಶಿಯಂತಿದ್ದದ್ದು ಡೆಕ್ ಆಯಿತು. ಆಚಾರಿಯ ಸಂಬಳದಲ್ಲಿ ಅತ್ಯಂತ ಸಾರ್ಥಕವಾದ ಭಾಗ ಅದು. ಮೊಳೆಯ ಹಳೇ ತೂತುಗಳನ್ನು ಮುಚ್ಚಲಿಲ್ಲ, ನನಗೆ ಅವು ಇಷ್ಟ.

ಮೇಲ್ಭಾಗಕ್ಕೆ ವಾರ್ನಿಷ್ ಹಾಕಿದರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಡಬಲ್ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಉಜ್ಜಿದೆ. ದಪ್ಪ ಹಚ್ಚಿದರೆ ನಮ್ಮ ಸೆಕೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಉಜ್ಜಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹಗ್ಗದ ಮೇಲೆ ಬಿಡಿಸಿ ಒಣಹಾಕಿ.

ಒಟ್ಟು 33,000 ಚಿಲ್ಲರೆ ಆಯಿತು. ಜೂನ್‌ನಿಂದ ಡೆಕ್ಕಿನ ಮೇಲೆ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ನೀರು ಹಾಕಿ ಹಿಡಿಸೂಡಿಯಲ್ಲಿ ತಿಕ್ಕಬೇಕು. ಮಳೆ ಬಿಟ್ಟ ಮೇಲೆ ಮತ್ತೊಂದು ಕೈ ಎಣ್ಣೆ. ಅಡಿಗೆ ಹಾವು ನುಗ್ಗದಂತೆ ಸುತ್ತ ಸಣ್ಣ ಕಣ್ಣಿನ ಬಲೆ ಬಿಗಿದಿದ್ದೇನೆ, ಒಂದು ಬದಿಯದ್ದು ಬಿಚ್ಚಿ ಎಲೆ ಗುಡಿಸುವಂತಿದೆ. ಮಿಕ್ಕ ರೀಪು ಅಟ್ಟದಲ್ಲಿದೆ, ಯಾವುದಾದರೂ ಕೊಳೆತರೆ ಸ್ಕ್ರೂ ಬಿಚ್ಚಿ ಅದೊಂದನ್ನೇ ಬದಲಿಸುತ್ತೇನೆ.