ಮಗ್ಗಿ ಹೇಳಿಕೊಂಡು 42 ಕಿಲೋಮೀಟರ್

ಮೈಸೂರಿನ ರಿಂಗ್ ರೋಡು ಒಂದು ಸುತ್ತು ಬಂದರೆ ಹೆಚ್ಚು ಕಡಿಮೆ 42 ಕಿಲೋಮೀಟರ್. ಮ್ಯಾರಥಾನ್ ಓಟದ ದೂರವೂ ಅಷ್ಟೇ, 42.195. 2019ರ ಆಗಸ್ಟಿನ ಒಂದು ಸಂಜೆ ನಮ್ಮನೆಯವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ರಸ್ತೆ ಪೂರ್ತಿ ಒಂದು ಸುತ್ತು ಹಾಕಿಸಿದರು. "ನೀನು ಓಡ್ತೀನಿ ಅಂತಿರೋದು ಇಷ್ಟು ದೂರ. ಒಂದ್ಸಲ ಕಣ್ಣಾರೆ ನೋಡ್ಬಿಡು" ಅಂದರು. ಹೊರಟಾಗ ಬಿಸಿಲಿತ್ತು. ಮನೆ ಸೇರುವಾಗ ಬೀದಿದೀಪ ಹತ್ತಿತ್ತು. ಸುಮ್ನೆ ಕೂತಿದ್ದಕ್ಕೇ ನನ್ನ ಸೊಂಟ ಹಿಡಿದುಕೊಂಡಿತ್ತು. ಸ್ಕೂಟರ್ ಇಳಿದಾಗ ಎದೆ ಒಮ್ಮೆ ಝಲ್ ಅಂದಿದ್ದು ನಿಜ. ಆದರೂ ಅದೇ ವಾರ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟೆ.

ನಾನು ಬಟ್ಟೆ ಹೊಲಿಯುವವಳು. ಸರಸ್ವತಿಪುರಂನಲ್ಲಿ ಪುಟ್ಟ ಅಂಗಡಿ ಇದೆ. ದಿನಕ್ಕೆ ಎಂಟು ಒಂಬತ್ತು ಗಂಟೆ ಮಿಷನ್ ಮುಂದೆ ಕೂರುವ ಕೆಲಸ. 2016ರಲ್ಲಿ, ನನಗೆ 41 ವರ್ಷ ಇದ್ದಾಗ, ಖಾಲಿ ಹೊಟ್ಟೆಯ ಸಕ್ಕರೆ 118 ಬಂತು. 126 ದಾಟಿದರೆ ಸಕ್ಕರೆ ಕಾಯಿಲೆ, ನೀವು ಅದರ ಬಾಗಿಲಲ್ಲಿ ನಿಂತಿದ್ದೀರಿ, ದಿನಾ ನಡೀರಿ ಅಂದರು ಡಾಕ್ಟರು. ಹಾಗೆ ಕುಕ್ಕರಹಳ್ಳಿ ಕೆರೆಗೆ ಹೋಗಲು ಶುರುಮಾಡಿದೆ. ಆರು ತಿಂಗಳು ಬರೀ ನಡಿಗೆ. ಪಕ್ಕದಲ್ಲಿ ಹುಡುಗಿಯರು ಓಡಿಹೋಗುವುದನ್ನು ನೋಡಿ ನೋಡಿ ಒಂದು ದಿನ ನಾನೂ ಓಡಿದೆ. ಇನ್ನೂರು ಮೀಟರ್ ಆಗಿರಬೇಕು. ಉಸಿರು ಕಟ್ಟಿ ಕಲ್ಲುಬೆಂಚಿನ ಮೇಲೆ ಕೂತೆ.

ಹಟಕ್ಕೆ ಬಿದ್ದು ದಿನಾ ಅದೇ ಥರ ಓಡಿದೆ. ಮೂರೇ ವಾರದಲ್ಲಿ ಮೊಣಕಾಲಿನ ಕೆಳಗಿನ ಮೂಳೆ, ಮುಂಭಾಗದಲ್ಲಿ, ಮುಟ್ಟಿದರೆ ಕಿರುಚುವಷ್ಟು ನೋವು. ಕುಂಟಿಕೊಂಡು ನಡೆಯುತ್ತಿದ್ದಾಗ ಕೆರೆಗೆ ದಿನಾ ಬರುತ್ತಿದ್ದ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು ನಿಲ್ಲಿಸಿ ಮಾತಾಡಿಸಿದರು. "ನಿಮ್ಮ ಕಾಲಲ್ಲಿ ದೋಷ ಇಲ್ಲಮ್ಮ. ನೀವು ಜೋರಾಗಿ ಓಡ್ತಿದ್ದೀರಿ, ಅದೇ ದೋಷ. ಹತ್ತು ದಿನ ಸುಮ್ನಿರಿ, ಆಮೇಲೆ ನನ್ನ ಜೊತೆ ಬನ್ನಿ" ಅಂದರು.

ನಾನು ಓಟದ ಬಗ್ಗೆ ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಮಾತು. ನಿಧಾನವಾಗಿ ಓಡುವುದು.

ಮೇಷ್ಟ್ರ ಪಾಠ ಹೀಗಿತ್ತು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ವಾರಕ್ಕೆ ಮೂರೇ ದಿನ. ಓಡುವಾಗ ಅವರು ಕಥೆ ಹೇಳುತ್ತಿದ್ದರು. ನಮ್ಮ ದೇಶದ ಓಟಗಾರ ಶಿವನಾಥ್ ಸಿಂಗ್ ಅಂದರೆ ಮೇಷ್ಟ್ರಿಗೆ ತುಂಬ ಇಷ್ಟ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಹನ್ನೊಂದನೆಯವರಾಗಿ ಬಂದದ್ದು, 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮುಗಿಸಿದ್ದು, ಆ ಭಾರತೀಯ ದಾಖಲೆ ಹತ್ತಿರ ಹತ್ತಿರ ನಲವತ್ತು ವರ್ಷ ಯಾರ ಕೈಗೂ ಸಿಗದೆ ಉಳಿದದ್ದು. ಮಧ್ಯೆ ಮಧ್ಯೆ ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು. ಬರೀ "ಹ್ಞೂಂ" ಅಂದರೆ "ವೇಗ ಜಾಸ್ತಿ ಆಯ್ತು, ನಡೀರಿ" ಅನ್ನುತ್ತಿದ್ದರು.

ಅವರು ಇಲ್ಲದ ದಿನ ಏನು ಮಾಡುವುದು? ನನಗೆ ನಾನೇ ಒಂದು ದಾರಿ ಕಂಡುಕೊಂಡೆ. ಹದಿಮೂರರ ಮಗ್ಗಿಯನ್ನು ಬಾಯಿಬಿಟ್ಟು ಹೇಳುವುದು. ಹದಿಮೂರ್ ಒಂದ್ಲ ಹದಿಮೂರು, ಹದಿಮೂರ್ ಎರಡ್ಲ ಇಪ್ಪತ್ತಾರು. ಒಂದು ಸಾಲಿನ ಮಧ್ಯದಲ್ಲಿ ಉಸಿರು ತುಂಡಾದರೆ ವೇಗ ಇಳಿಸಬೇಕು. ಈಗ ಎಲ್ಲರ ಕೈಯಲ್ಲೂ ಎದೆಬಡಿತ ತೋರಿಸುವ ವಾಚ್ ಇದೆ. ಇರಲಿ, ಒಳ್ಳೆಯದೇ. ಆದರೆ ಮಗ್ಗಿಗೆ ಚಾರ್ಜ್ ಹಾಕಬೇಕಾಗಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ನಿಲ್ಲದೆ 5 ಕಿಲೋಮೀಟರ್ ಓಡಿದೆ. ನಡಿಗೆಗಿಂತ ಚೂರು ಜೋರು, ಅಷ್ಟೇ. ಆದರೆ ನಿಲ್ಲಲಿಲ್ಲ.

ಮನೆಯಲ್ಲಿ ನಮ್ಮತ್ತೆಗೆ ಇದು ಒಂಚೂರೂ ಇಷ್ಟ ಇರಲಿಲ್ಲ. "ಈ ವಯಸ್ಸಲ್ಲಿ ಹಿಂಗೆ ಕುಣಿದ್ರೆ ಗರ್ಭಕೋಶ ಜಾರುತ್ತೆ ಕಣೇ" ಅಂತ ಹೆದರುತ್ತಿದ್ದರು. ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಆ ಹೆದರಿಕೆ ಅವರೊಬ್ಬರದಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟದ್ದೇ 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಗಂಡಸರು 1896ರಿಂದ ಓಡುತ್ತಿದ್ದರು. ಅಷ್ಟು ದೂರ ಹೆಣ್ಣಿನ ಮೈ ತಡೆಯೋಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹಾಗೆಲ್ಲ ಆಗೋಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸಿದೆ. ಅವತ್ತು ಡಾಕ್ಟರು ನನ್ನ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಹಿಮೋಗ್ಲೋಬಿನ್ 9.6. ಹೆಂಗಸರಿಗೆ 12 ಆದರೂ ಇರಬೇಕು. ಎಷ್ಟು ದಿನದಿಂದ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು, ವಯಸ್ಸಾಯಿತು ಅಂದುಕೊಂಡಿದ್ದೆ! ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ತಗೊಂಡ ಹೊತ್ತಲ್ಲಿ ಕಾಫಿ ಟೀ ಬೇಡ, ನಿಂಬೆ ಪಾನಕ ಕುಡೀರಿ ಅಂದರು. ನಾಲ್ಕು ತಿಂಗಳಲ್ಲಿ 12 ದಾಟಿತು. ಓಟದಲ್ಲಿ ಆದ ವ್ಯತ್ಯಾಸ ಯಾವ ಶೂಸಿನಿಂದಲೂ ಆಗಿರಲಿಲ್ಲ. ಓಡಲು ಹೊರಟ ಹೆಂಗಸರಿಗೆ ನಾನು ಮೊದಲು ಹೇಳುವುದು ಇದನ್ನೇ. ಶೂ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಶೂ ವಿಷಯಕ್ಕೆ ಬಂದರೆ ಒಂದೇ ಮಾತು. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ನನ್ನ ಮೊದಲ ಜೋಡಿ ಬಿಗಿಯಾಗಿತ್ತು, ಎರಡು ಉಗುರು ಕಪ್ಪಾಗಿ ಉದುರಿದವು.

ಬಟ್ಟೆ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಅದು ನನ್ನ ಕಸುಬು. ಹತ್ತು ಕಿಲೋಮೀಟರ್ ದಾಟಿದ ಮೇಲೆ ಬಟ್ಟೆಯ ಒಳಹೊಲಿಗೆ ಚಾಕು ಇದ್ದಂತೆ. ಕಂಕುಳು, ತೊಡೆ, ಒಳ ಉಡುಪಿನ ಪಟ್ಟಿ ಕೂರುವ ಜಾಗ, ಎಲ್ಲಾ ಉಜ್ಜಿ ಉಜ್ಜಿ ಕೆಂಪಾಗುತ್ತದೆ. ಸ್ನಾನ ಮಾಡುವಾಗ ನೀರು ಬಿದ್ದರೆ ಪ್ರಾಣ ಹೋಗುತ್ತದೆ. ನಾನು ನನ್ನ ಟೀ ಶರ್ಟಿನ ಹೊಲಿಗೆ ಬಿಚ್ಚಿ, ಅಂಚು ಹೊರಗೆ ಬರುವ ಹಾಗೆ ತಿರುಗಿಸಿ ಹೊಲಿದೆ. ಪಟ್ಟಿ ಕೂರುವ ಕಡೆ ವ್ಯಾಸಲೀನ್ ಹಚ್ಚಿಕೊಂಡೆ. ಸೊಂಟಕ್ಕೆ ಎಲಾಸ್ಟಿಕ್ ಹಾಕಿ ನಾಲ್ಕು ಪುಟ್ಟ ಜೇಬಿನ ಪಟ್ಟಿ ಮಾಡಿಕೊಂಡೆ. ಆ ಜೇಬುಗಳಿಗೆ ಏನು ಹಾಕಬೇಕು ಅನ್ನುವುದನ್ನು ಕಲಿಯಲು ಒಂದು ಕೆಟ್ಟ ಅನುಭವ ಬೇಕಾಯಿತು.

2018ರಲ್ಲಿ ಬೆಂಗಳೂರಿನಲ್ಲಿ ಮೊದಲ ಹಾಫ್ ಮ್ಯಾರಥಾನ್ ಓಡಿದೆ, 21 ಕಿಲೋಮೀಟರ್. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ ಅಂತ ಯಾರೋ ಹೆದರಿಸಿದ್ದರು. ಸಿಕ್ಕ ಸಿಕ್ಕ ಕಡೆಯೆಲ್ಲಾ ಎರಡೆರಡು ಲೋಟ ಕುಡಿದೆ. 17 ಕಿಲೋಮೀಟರ್ ಹೊತ್ತಿಗೆ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು. ಬೆರಳು ಊದಿ ಮದುವೆ ಉಂಗುರ ಬಿಗಿದುಕೊಂಡಿತ್ತು. ಮುಗಿಸಿದ ಮೇಲೆ ವಾಂತಿ, ತಲೆನೋವು. 2 ಗಂಟೆ 41 ನಿಮಿಷ ಆಗಿತ್ತು, ಖುಷಿ ಪಡುವ ಶಕ್ತಿ ಇರಲಿಲ್ಲ. ಬೆವರಿನಲ್ಲಿ ಉಪ್ಪು ಹೋಗುತ್ತಿರುತ್ತದೆ. ಅದರ ಮೇಲೆ ಬರೀ ನೀರು ಸುರಿದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗುತ್ತದೆ. ಇದು ಮಿತಿಮೀರಿದರೆ ಜೀವಕ್ಕೇ ಅಪಾಯ. ಈಗ ಬಾಯಾರಿದಾಗ ಮಾತ್ರ ಎರಡು ಗುಟುಕು ಕುಡಿಯುತ್ತೇನೆ, ಉಪ್ಪಿನ ಜೊತೆ.

ಹೊಟ್ಟೆಗೆ ಬೆಲ್ಲ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಸುಮಾರು 30 ಕಿಲೋಮೀಟರ್ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಅಲ್ಲಿ ತುಂಬ ಜನ ಕುಸಿಯುತ್ತಾರೆ. ಖಾಲಿಯಾದ ಮೇಲೆ ತಿಂದರೆ ತಡವಾಯಿತು ಅಂತಲೇ ಲೆಕ್ಕ. ಮೊದಲ ಮುಕ್ಕಾಲು ಗಂಟೆಯಿಂದಲೇ ಚೂರು ಚೂರು ತಿನ್ನುತ್ತಾ ಹೋಗಬೇಕು, ಗಂಟೆಗೆ 30ರಿಂದ 60 ಗ್ರಾಂ. ಅಂಗಡಿಯ ಜೆಲ್ ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಉಂಡೆ ಬೆಲ್ಲ ಜಜ್ಜಿ, ಹುರಿದ ಎಳ್ಳು, ಉಪ್ಪು, ಬೀಜ ತೆಗೆದ ಖರ್ಜೂರ ಸೇರಿಸಿ ಅದುಮಿ, ಅಡಿಕೆ ಗಾತ್ರದ ತುಂಡು ಮಾಡಿ ಬಟರ್ ಪೇಪರ್‌ನಲ್ಲಿ ಸುತ್ತಿದ್ದು ನಮ್ಮತ್ತೆ. ಹೌದು, ಅದೇ ಅತ್ತೆ. ಉದ್ದ ಓಟದ ಭಾನುವಾರ ನಾಲ್ಕು ಗಂಟೆಗೆ ನನಗಿಂತ ಮೊದಲು ಎದ್ದು ರಾಗಿ ಗಂಜಿ ಕಾಸುತ್ತಿದ್ದರು.

ಸೆಪ್ಟೆಂಬರ್ ಮಧ್ಯದಿಂದ ಮುಂಬೈ ತಯಾರಿ ಶುರುವಾಯಿತು. ಹದಿನೆಂಟು ವಾರ. ವಾರಕ್ಕೆ ನಾಲ್ಕು ದಿನ, ಅದರಲ್ಲಿ ಭಾನುವಾರ ಉದ್ದ ಓಟ. 14, 16, 18 ಹೀಗೆ ಏರಿಸುತ್ತಾ ಮೂರು ವಾರಕ್ಕೊಮ್ಮೆ ಇಳಿಸಿ, ಕೊನೆಗೆ 32ಕ್ಕೆ ನಿಲ್ಲಿಸಿದೆ. ತಯಾರಿ ಶುರುವಾದಾಗ ದಸರಾ ಕಾಲ. ಒಂದು ಬೆಳಿಗ್ಗೆ ಓಟ ಮುಗಿಸಿ ಬರುವಾಗ ಸಯ್ಯಾಜಿರಾವ್ ರಸ್ತೆಯಲ್ಲಿ ಆನೆಗಳ ತಾಲೀಮು ಎದುರಾಯಿತು. ಮುಂದೆ ಅರ್ಜುನ. ಬೆನ್ನ ಮೇಲೆ ಗಾದಿ, ಅದರ ಮೇಲೆ ಮರಳಿನ ಮೂಟೆ. ಅಂಬಾರಿ 750 ಕೆ.ಜಿ. ಆದರೆ ಆನೆಗೆ ಮೊದಲ ದಿನವೇ ಅಷ್ಟು ಹೊರಿಸುವುದಿಲ್ಲ. ಮೊದಲು ಬರಿಮೈಯಲ್ಲಿ ನಡೆಸುತ್ತಾರೆ. ಆಮೇಲೆ ಸ್ವಲ್ಪ ಮರಳು, ಕೆಲವು ದಿನ ಬಿಟ್ಟು ಇನ್ನಷ್ಟು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್, ವಾರಗಟ್ಟಲೆ. ನಾನು ಫುಟ್‌ಪಾತ್‌ನಲ್ಲಿ ನಿಂತು ಅರ್ಜುನನ ಪಾದವನ್ನೇ ನೋಡಿದೆ. ಎತ್ತಿದ ಹೆಜ್ಜೆ ಸದ್ದಿಲ್ಲದೆ ಕೆಳಗೆ ಬರುತ್ತಿತ್ತು, ಪಾದ ಅಗಲವಾಗಿ ಹರಡಿ ನೆಲಕ್ಕೆ ಕೂರುತ್ತಿತ್ತು. ಜನ ಕೂಗಿದರೂ, ಮೊಬೈಲ್ ಹಿಡಿದು ಓಡಾಡಿದರೂ ಆ ಹೆಜ್ಜೆ ಹೆಚ್ಚು ಕಡಿಮೆ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು ನನಗೆ.

ನವೆಂಬರಿನಲ್ಲಿ ಹಿಮ್ಮಡಿ ನೋವು ಬಂತು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದ ಹಾಗೆ. ಎರಡು ವಾರ ಓಟ ಅರ್ಧ ಮಾಡಿದೆ. ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮಿಷನ್ ಕೆಳಗೆ ಇಟ್ಟುಕೊಂಡು, ಹೊಲಿಯುತ್ತಾ ಒಂದು ಕಾಲಲ್ಲಿ ಅದನ್ನು ಉರುಳಿಸುತ್ತಿದ್ದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಕೆಳಗಿಳಿಸುವುದು, ದಿನಕ್ಕೆ ಮೂರು ಸಲ. ಡಿಸೆಂಬರ್ ಕೊನೆಗೆ ಸರಿಹೋಯಿತು.

2020ರ ಜನವರಿ 19, ಭಾನುವಾರ. ಇನ್ನೂ ಕತ್ತಲು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಮುಂದೆ ಸಾವಿರಾರು ಜನ. ಟೀ ಶರ್ಟಿನ ಎದೆಯ ಮೇಲೆ ನಾನೇ ಕಸೂತಿ ಹಾಕಿದ್ದೆ, "ಮೈಸೂರು" ಅಂತ, ಕನ್ನಡದಲ್ಲೇ. ಹೊರಟ ತಕ್ಷಣ ಎಲ್ಲರೂ ನನ್ನನ್ನು ದಾಟಿ ಹೋದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹೋದರು. ಕಾಲು ಎಳೆಯುತ್ತಿತ್ತು, ನೀನೂ ಹೋಗು ಅಂತ. ಮಗ್ಗಿ ಹಿಡಿದುಕೊಂಡೆ. ಮೈಸೂರಿನ ಜನವರಿ ಚಳಿಯಲ್ಲಿ ಓಡಿ ಅಭ್ಯಾಸ. ಇಲ್ಲಿ ಸಮುದ್ರದ ಸೆಕೆ. ಸೀ ಲಿಂಕ್ ಹತ್ತುವಷ್ಟರಲ್ಲಿ ಬೆಳಕಾಗಿತ್ತು, ಬಟ್ಟೆ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಎರಡೂ ಕಡೆ ಸಮುದ್ರ, ಮುಂದೆ ಜನರ ಬೆನ್ನು, ಹೆಜ್ಜೆ ಸದ್ದು ಬಿಟ್ಟರೆ ಏನೂ ಇಲ್ಲ. ಆ ಸೇತುವೆ ಮೇಲೆ ನಾನಿದ್ದಷ್ಟು ನೆಮ್ಮದಿಯಾಗಿ ಬೇರೆಲ್ಲೂ ಇದ್ದ ನೆನಪಿಲ್ಲ.

ಮಾಹಿಮ್ ಕಡೆ ಬೀದಿ ಬೀದಿಯಲ್ಲಿ ಜನ. ಮಕ್ಕಳು ಬಿಸ್ಕತ್ತು ಹಿಡಿದು ನಿಂತಿದ್ದವು. ವಯಸ್ಸಾದ ಒಬ್ಬಾಕೆ ಕಿತ್ತಳೆ ತೊಳೆಗೆ ಉಪ್ಪು ಸವರಿ ಕೊಟ್ಟರು. "ಏ ಮೈಸೂರಕ್ಕಾ! ಬಿಡಬ್ಯಾಡ್ರಿ, ಓಡ್ರಿ!" ಅಂತ ಯಾರೋ ಕೂಗಿದರು. ತಿರುಗಿ ನೋಡುವಷ್ಟರಲ್ಲಿ ಆ ಮುಖ ಗುಂಪಲ್ಲಿ ಕರಗಿತು. ಉತ್ತರ ಕರ್ನಾಟಕದ ಕಡೆಯವರು ಅಂತ ಮಾತಿನಲ್ಲೇ ಗೊತ್ತಾಯಿತು. ಒಂದೆರಡು ಕಿಲೋಮೀಟರ್ ಕಾಲು ನೆಲಕ್ಕೆ ತಾಗಲಿಲ್ಲ.

35 ದಾಟಿದ ಮೇಲೆ ಪೆಡ್ಡರ್ ರೋಡ್ ಏರು. ಹೋಗುವಾಗ ಕತ್ತಲಲ್ಲಿ ಗೊತ್ತೇ ಆಗದೆ ಹತ್ತಿದ್ದೆ. ಬರುವಾಗ ನೆತ್ತಿ ಸುಡುತ್ತಿತ್ತು, ತೊಡೆ ಕಲ್ಲಾಗಿತ್ತು. ಬೆಳಿಗ್ಗೆ ನನ್ನನ್ನು ದಾಟಿ ಹೋದವರಲ್ಲಿ ತುಂಬ ಜನ ಇಲ್ಲಿ ರಸ್ತೆ ಪಕ್ಕ ಕಾಲು ಹಿಡಿದು ನಿಂತಿದ್ದರು. ನಾನು ಮಗ್ಗಿ ಹೇಳುತ್ತಿದ್ದೆ. ಹದಿಮೂರ್ ಆರ್ಲ ಎಪ್ಪತ್ತೆಂಟು. ಹದಿಮೂರ್ ಏಳ್ಲ... ಬರಲಿಲ್ಲ. ಮತ್ತೆ ಮೊದಲಿಂದ ಹೇಳಿದೆ. ಮತ್ತೆ ಏಳಕ್ಕೆ ನಿಂತಿತು. ಮೂರನೇ ತರಗತಿಯಿಂದ ಬಾಯಲ್ಲಿದ್ದ ಮಗ್ಗಿ. ಆಗ ಹೊಳೆಯಿತು, ಅರ್ಧ ಗಂಟೆಯಿಂದ ಬೆಲ್ಲ ತಿಂದಿಲ್ಲ ಅಂತ. ಎರಡು ತುಂಡು ಬಾಯಿಗೆ ಹಾಕಿಕೊಂಡು ಏರು ಮುಗಿಯುವ ತನಕ ಬಿರುಸಾಗಿ ನಡೆದೆ. ಮೇಲೆ ಬಂದ ಮೇಲೆ ಇಳಿಜಾರಿಗೆ ನಿಧಾನವಾಗಿ ಓಟ ಹಿಡಿದೆ. ಮರೀನ್ ಡ್ರೈವ್ ಕಂಡ ಹೊತ್ತಿಗೆ ತೊಂಬತ್ತೊಂದು ತಾನಾಗೇ ಬಾಯಿಗೆ ಬಂತು. ಜೋರಾಗಿ ಹೇಳಿದೆ. ಪಕ್ಕದಲ್ಲಿ ಓಡುತ್ತಿದ್ದ ಹುಡುಗ ಏನೋ ಜಯಘೋಷ ಅಂದುಕೊಂಡು ಕೈ ಎತ್ತಿದ.

5 ಗಂಟೆ 38 ನಿಮಿಷ.

ನಮ್ಮನೆಯವರು ಫೋನ್ ಹಿಡಿದು ಕಾಯುತ್ತಿದ್ದರು. ಮಾತಾಡಲಿಲ್ಲ, ಬೆನ್ನ ಮೇಲೆ ಕೈ ಇಟ್ಟರು, ಆಮೇಲೆ ಮನೆಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದರು. ಆ ಕಡೆಯಿಂದ ಅತ್ತೆ ಮೊದಲು ಕೇಳಿದ್ದು, "ಬೆಲ್ಲ ಸಾಕಾಯ್ತೇನೇ?"

ಸೊಂಟದ ಜೇಬು ತಡವಿ ನೋಡಿದೆ. ಒಂದು ತುಂಡು ಉಳಿದಿತ್ತು, ಬೆವರಿಗೆ ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. "ಸಾಕಾಯ್ತತ್ತೆ" ಅಂದೆ.